ನೀರು ಹಾಕಿದಷ್ಟೂ ಹಳದಿಯಾಗುತ್ತಿರುವ ಅಂಗಳದ ಹುಲ್ಲು: ದಯವಿಟ್ಟು ದಾರಿ ತೋರಿಸಿ

ಅಂಗಳದ ಹಸಿರು (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮುಂದೆ ಸುಮಾರು 600 ಚದರ ಅಡಿಯಷ್ಟು ಜಾಗದಲ್ಲಿ ಕಳೆದ ಮಳೆಗಾಲದಲ್ಲಿ ನರ್ಸರಿಯಿಂದ ಹುಲ್ಲಿನ ಹಾಸುಗಳನ್ನು ತಂದು ಹೊಂದಿಸಿದೆವು. ಕೊರಿಯನ್ ಹುಲ್ಲು ಎಂದು ಹೇಳಿ ಕೊಟ್ಟಿದ್ದರು. ದೀಪಾವಳಿಯವರೆಗೆ ಅದರ ಚೆಂದ ಹೇಳತೀರದು. ಮಂಡಿ ನೋವಿರುವ ನನ್ನ ತಾಯಿ ಬೆಳಗಿನ ಹೊತ್ತು ಅದರ ಮೇಲೆ ಬರಿಗಾಲಲ್ಲಿ ಹತ್ತು ಸುತ್ತು ನಡೆಯುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಹಳದಿ ತಿರುಗಲು ಶುರುವಾಯಿತು. ಈಗ ಏಪ್ರಿಲ್ ತಿಂಗಳ ನಡುವೆ ಅರ್ಧಕ್ಕರ್ಧ ಒಣ ಹುಲ್ಲಾಗಿದೆ.

ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಪೈಪು ಹಿಡಿದು ಬೋರಿನ ನೀರು ಹಾಕುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ಎರಡು ಸಲ ಯೂರಿಯಾ ಕೂಡ ಕೊಟ್ಟೆ. ಹಳದಿ ಹೋಗಲಿಲ್ಲ, ಬದಲಿಗೆ ಮಣ್ಣಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ ಕಾಣಿಸುತ್ತಿದೆ, ಬೆರಳಿನಿಂದ ಒರೆಸಿದರೆ ಹತ್ತಿಕೊಳ್ಳುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಕೌಲ್ ಬಜಾರ್ ಕಡೆಯವರು

ಈ ಬಿಸಿಲಿಗೆ ಎರಡು ಸಲ ಸಾಲುವುದಿಲ್ಲ, ಮಧ್ಯಾಹ್ನವೂ ಒಂದು ಸಲ ನೀರು ಕೊಟ್ಟು ಇನ್ನೊಮ್ಮೆ ಯೂರಿಯಾ ಹಾಕಿ ನೋಡಿ.

ಎರೆಹೊಲದವನು (ಸಿಂಧನೂರು)

ಮೇಲಿನವರ ಮಾತನ್ನು ದಯವಿಟ್ಟು ಕೇಳಬೇಡಿ. ಆ ಬಿಳಿ ಪುಡಿ ಸವಳಿನ, ಅಂದರೆ ಮಣ್ಣಿನಲ್ಲಿ ಉಪ್ಪು ಸೇರಿಕೊಂಡದ್ದರ ಗುರುತು. ತುಂಗಭದ್ರಾ ಎಡದಂಡೆಯ ಅಚ್ಚುಕಟ್ಟಿನಲ್ಲಿ ಹುಟ್ಟಿ ಬೆಳೆದ ನಮಗೆ ಇದು ಕಣ್ಣಳತೆಯಲ್ಲೇ ತಿಳಿಯುತ್ತದೆ, ಏಕೆಂದರೆ ನೀರು ಹೆಚ್ಚಾಗಿ ಬಸಿಯಲು ಜಾಗವಿಲ್ಲದೆ ಸವಳಾದ ಗದ್ದೆಗಳು ನಮ್ಮ ಕಡೆ ಬೇಕಾದಷ್ಟಿವೆ.

ನಿಮ್ಮ ಪೈಪಿನಿಂದ ನಿಮಿಷಕ್ಕೆ 15 ಲೀಟರ್ ಬರುತ್ತದೆ ಎಂದು ಹಿಡಿಯೋಣ. ಹತ್ತು ನಿಮಿಷಕ್ಕೆ 150 ಲೀಟರ್. ನಿಮ್ಮ ಜಾಗ ಸುಮಾರು 56 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಲೀಟರ್ ಬಿದ್ದರೆ ಒಂದು ಮಿಲಿಮೀಟರ್ ಮಳೆಯ ಲೆಕ್ಕ, ಅಂದರೆ ನೀವು ಒಂದು ಹೊತ್ತಿಗೆ ಕೊಡುತ್ತಿರುವುದು ಮೂರು ಮಿಲಿಮೀಟರಿಗೂ ಕಡಿಮೆ. ಅಷ್ಟು ನೀರು ಮಣ್ಣಿನಲ್ಲಿ ಒಂದು ಅಂಗುಲವೂ ಇಳಿಯದು. ಮೇಲೆಯೇ ನಿಂತು ಬಿಸಿಲಿಗೆ ಆರುತ್ತದೆ, ನೀರಿನಲ್ಲಿದ್ದ ಉಪ್ಪು ಮಾತ್ರ ಉಳಿಯುತ್ತದೆ. ಬೇರುಗಳೂ ನೀರು ಇರುವಷ್ಟು ಮೇಲ್ಪದರದಲ್ಲೇ ಹರಡಿ ಆ ಉಪ್ಪಿನ ನಡುವೆಯೇ ಸಿಕ್ಕಿಕೊಳ್ಳುತ್ತವೆ. ಇಂದೇ ಜಿಪ್ಸಮ್ ತಂದು ಹಾಕಿ.

ತೋಟದ ಮೇಷ್ಟ್ರು (ರಾಯಚೂರು)

ಸಿಂಧನೂರಿನ ಸಹೋದರರು ಹೇಳಿದ ನೀರಿನ ಲೆಕ್ಕಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ, ಆದರೆ ಪರೀಕ್ಷೆ ಇಲ್ಲದೆ ಜಿಪ್ಸಮ್ ಹಾಕಿ ಎನ್ನುವುದನ್ನು ಒಪ್ಪಲಾರೆ. ಜಿಪ್ಸಮ್ ಕೆಲಸಕ್ಕೆ ಬರುವುದು ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿದ್ದಾಗ. ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗವನ್ನು ಹಿಡಿದು ಅದನ್ನು ನೀರಿನ ಜೊತೆ ಕೆಳಗೆ ಕಳಿಸುತ್ತದೆ. ಬರೀ ಸಾಧಾರಣ ಲವಣಗಳ ತೊಂದರೆಯಾಗಿದ್ದರೆ ಒಳ್ಳೆಯ ನೀರು ಹಾಯಿಸಿ ತೊಳೆದು ಕೆಳಗಿಳಿಸುವುದೇ ಮದ್ದು, ಜಿಪ್ಸಮ್ ಹಣ ದಂಡ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಅಂಗಳದ ಮಣ್ಣಿನ ಗೋಲಿಯಷ್ಟು ಒಣ ಹೆಂಟೆಯೊಂದನ್ನು ತೆಗೆದುಕೊಂಡು, ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿದ ಗಾಜಿನ ಲೋಟದಲ್ಲಿ ಮೆಲ್ಲಗೆ ಬಿಡಿ. ಕಲಕಬೇಡಿ, ಅಲುಗಾಡಿಸಲೂ ಬೇಡಿ. ಕೆಲವು ಗಂಟೆಗಳ ನಂತರ ನೋಡಿದಾಗ ಹೆಂಟೆ ಪುಡಿಪುಡಿಯಾಗಿ ಬಿದ್ದಿದ್ದರೂ ಸುತ್ತಲಿನ ನೀರು ತಿಳಿಯಾಗಿದ್ದರೆ ಸೋಡಿಯಂ ಬಗ್ಗೆ ಅಷ್ಟು ಚಿಂತೆ ಬೇಡ. ಹೆಂಟೆಯ ಸುತ್ತ ಹಾಲಿನಂಥ ಮೋಡ ಕವಿದು ಅದು ಕೆಳಗೆ ಕೂರದೇ ನಿಂತಿದ್ದರೆ ಸೋಡಿಯಂ ಇದೆ ಎಂದು ತಿಳಿಯಿರಿ.

ಇದು ಅಂದಾಜಿಗೆ ಮಾತ್ರ. ಮಣ್ಣು ಮತ್ತು ಬೋರಿನ ನೀರು ಎರಡನ್ನೂ ಪ್ರಯೋಗಾಲಯಕ್ಕೆ ಕೊಡಿ. ನಿಮಗೆ ಹಗರಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಅಲ್ಲಿ ವಿಚಾರಿಸಿ. ನಮ್ಮವರು ರಾಯಚೂರಿನ ಕೃಷಿ ವಿಶ್ವವಿದ್ಯಾಲಯವನ್ನು ಕೇಳಬಹುದು. ನೀರಿನ ವರದಿಯಲ್ಲಿ ಇ.ಸಿ. (ವಿದ್ಯುತ್ ವಾಹಕತೆ) ಎಂಬ ಅಂಕಿಯನ್ನು ಮೊದಲು ನೋಡಿ, ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ಅದು ಹೇಳುತ್ತದೆ. ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ, 3 ದಾಟಿದರೆ ಆ ನೀರನ್ನು ನಂಬಬಾರದು, ನಡುವೆ ಇದ್ದರೆ ಎಚ್ಚರಿಕೆಯಿಂದ ಬಳಸಬೇಕು.

ಗರಸು ಮಣ್ಣು (ಕೊಪ್ಪಳ)

ಮೇಷ್ಟ್ರೇ, ಅದಕ್ಕೂ ಮೊದಲು ಅವರು ಒಂದು ಗುಂಡಿ ತೆಗೆದು ನೋಡಲಿ. ನಾನು ಇಪ್ಪತ್ತು ವರ್ಷದಿಂದ ಕಟ್ಟಡದ ಕೆಲಸ ಮಾಡಿಸುತ್ತಿದ್ದೇನೆ. ಮನೆ ಮುಗಿದ ಮೇಲೆ ಉಳಿದ ಸಿಮೆಂಟಿನ ಗಟ್ಟಿ, ಇಟ್ಟಿಗೆ ಚೂರು, ಪ್ಲಾಸ್ಟರಿನ ಉದುರು ಎಲ್ಲವನ್ನೂ ಅಂಗಳಕ್ಕೆ ತಳ್ಳಿ, ಮೇಲೆ ನಾಲ್ಕು ಬೆರಳು ಮಸಾರಿ ಮಣ್ಣು ಹರಡಿ ಮಟ್ಟ ಮಾಡಿಬಿಡುತ್ತಾರೆ. ಅಂಥ ಜಾಗದಲ್ಲಿ ಹುಲ್ಲು ಒಂದು ಮಳೆಗಾಲ ಚೆನ್ನಾಗಿರುತ್ತದೆ, ಬೇಸಿಗೆಗೆ ಸೋಲುತ್ತದೆ. ನಾಲ್ಕು ಕಡೆ ಹಾರೆ ಹಾಕಿ ಒಂದು ಮೊಳ ಆಳ ನೋಡಿ. ಕೆಲಸ ಅರ್ಧ ಗಂಟೆಯದು.

ಅಂಗಳದ ಹಸಿರು (ಬಳ್ಳಾರಿ)

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ದಿನ ನಾನು ಎಲೆಯನ್ನಷ್ಟೇ ನೋಡುತ್ತಿದ್ದೆ, ಮಣ್ಣನ್ನು ನೋಡಿರಲಿಲ್ಲ. ಭಾನುವಾರ ಗುಂಡಿ ತೆಗೆಯುತ್ತೇನೆ, ನೀರನ್ನೂ ಪರೀಕ್ಷೆಗೆ ಕೊಡುತ್ತೇನೆ.

ಕೊಡ ಹೊತ್ತವರು (ದೇವದುರ್ಗ ತಾಲ್ಲೂಕು)

ಯಾರಿಗೂ ನೋವಾಗಬಾರದು, ಆದರೂ ಹೇಳದೆ ಇರಲಾರೆ. ಈ ತಿಂಗಳಲ್ಲಿ ನಮ್ಮ ಊರಿನಲ್ಲಿ ಟ್ಯಾಂಕರ್ ಬಂದಾಗ ಹೆಣ್ಣುಮಕ್ಕಳು ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ಬಯಲುಸೀಮೆಯಲ್ಲಿ, ನಲವತ್ತು ಡಿಗ್ರಿ ಮೀರುವ ಬಿಸಿಲಿನಲ್ಲಿ, ನೋಟಕ್ಕಾಗಿ ಹುಲ್ಲು ಬೆಳೆಸುವುದು ಸರಿಯೇ? ಮೇ ತಿಂಗಳಲ್ಲಿ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರ್ ನೀರು ಬೇಕೆಂದರೂ ಇವರ ಅಂಗಳಕ್ಕೆ 280 ಲೀಟರ್ ಆಯಿತು. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಸುಮಾರು ಹತ್ತೊಂಬತ್ತು ಕೊಡ.

ಕೋಟೆಯ ನೆರಳು (ಬಳ್ಳಾರಿ)

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆದರೆ ಅಂಗಳವನ್ನೆಲ್ಲ ಶಹಾಬಾದ್ ಕಲ್ಲಿನಿಂದ ಮುಚ್ಚಿದ ಮನೆಯಲ್ಲಿ ನಾನು ಎಂಟು ವರ್ಷ ಇದ್ದವನು. ರಾತ್ರಿ ಹತ್ತು ಗಂಟೆಯಾದರೂ ಕಲ್ಲಿನ ಕಾವು ಇಳಿಯುತ್ತಿರಲಿಲ್ಲ, ಬಂದ ಮಳೆಯ ನೀರು ಒಂದು ಹನಿ ಭೂಮಿಗೆ ಇಳಿಯದೆ ಚರಂಡಿಗೆ ಓಡುತ್ತಿತ್ತು. ಹುಲ್ಲು ಇದ್ದಲ್ಲಿ ನೆಲ ತಂಪಾಗಿರುತ್ತದೆ, ಮಳೆನೀರು ಇಂಗುತ್ತದೆ, ಧೂಳು ಏಳುವುದಿಲ್ಲ. ಪೂರ್ತಿ ಬೇಡ ಎನ್ನುವುದಕ್ಕಿಂತ ಹುಲ್ಲನ್ನು ಬೇಕಾದಷ್ಟಕ್ಕೆ ಇಳಿಸುವುದು ಮೇಲು. 200 ಚದರ ಅಡಿ ಇಟ್ಟುಕೊಂಡರೆ ನೀವು ಹೇಳಿದ ಹತ್ತೊಂಬತ್ತು ಕೊಡ ಆರಕ್ಕೆ ಇಳಿಯುತ್ತದೆ. ತಾಯಿಯವರು ನಡೆಯಲು ಅಷ್ಟು ಸಾಕು. ಉಳಿದ ಜಾಗಕ್ಕೆ ದಾಸವಾಳ, ಕಣಗಿಲೆ, ಒಂದು ನುಗ್ಗೆ ಗಿಡ ಹಾಕಲಿ.

ಕೊಡ ಹೊತ್ತವರು (ದೇವದುರ್ಗ ತಾಲ್ಲೂಕು)

ಆರು ಕೊಡ ಎಂದರೆ ಒಪ್ಪಬಹುದು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಇದಕ್ಕೆ ಹೋಗಲಿ ಎಂಬುದಷ್ಟೇ ನನ್ನ ವಿನಂತಿ.

ನಲ್ಲಿ ಬುಡ (ಹೊಸಪೇಟೆ ರಸ್ತೆ, ಬಳ್ಳಾರಿ)

ಕುಡಿಯುವ ನೀರಿನ ಫಿಲ್ಟರ್‌ನಿಂದ ಹೊರಬೀಳುವ ನೀರನ್ನೂ ಹಾಕಬಹುದಲ್ಲವೇ? ನಮ್ಮಲ್ಲಿ ದಿನಕ್ಕೆ ಎರಡು ಬಕೆಟ್ ಹಾಗೆಯೇ ಹೋಗುತ್ತದೆ.

ತೋಟದ ಮೇಷ್ಟ್ರು (ರಾಯಚೂರು)

ಅದನ್ನು ಮಾತ್ರ ಹಾಕಬೇಡಿ. ಶುದ್ಧ ನೀರನ್ನು ನಿಮಗೆ ಕೊಟ್ಟು ಉಪ್ಪನ್ನೆಲ್ಲ ಆ ನೀರಿಗೆ ತಳ್ಳಿರುತ್ತದೆ, ಆದ್ದರಿಂದ ಅದು ಫಿಲ್ಟರಿಗೆ ಹೋದ ನೀರಿಗಿಂತಲೂ ಉಪ್ಪು. ನೆಲ ಒರೆಸಲು ಬಳಸಿ. ಬಟ್ಟೆ ಒಗೆದ ನೀರಿನಲ್ಲಿಯೂ ಸೋಡಿಯಂ ಇರುವುದರಿಂದ ಅದೂ ಬೇಡ. ಏ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವೇ ಇರುವುದಿಲ್ಲ, ಅದನ್ನು ಧಾರಾಳವಾಗಿ ಹಾಕಬಹುದು.

ಗಂಗಾವತಿಯ ಅಕ್ಕ

ಇಷ್ಟೆಲ್ಲ ಚರ್ಚೆಯಲ್ಲಿ ಹುಲ್ಲಿನ ಜಾತಿಯ ಮಾತೇ ಬರಲಿಲ್ಲವಲ್ಲ! ತಮ್ಮಾ, ಕೊರಿಯನ್ ಹುಲ್ಲು ನೋಡಲು ದಟ್ಟ, ಮುಟ್ಟಲು ಹಿತ, ಆದರೆ ಬೆಳೆಯುವುದು ಬಲು ನಿಧಾನ. ಒಂದು ಕಡೆ ಸುಟ್ಟರೆ ಅದು ಮತ್ತೆ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ನಮ್ಮ ನೆಲಕ್ಕೆ ನಮ್ಮ ಕರಿಕೆಯೇ ಸರಿ. ಗಣಪತಿಗೆ ಏರಿಸುವ ಅದೇ ಕರಿಕೆ.

ನಮ್ಮ ಮನೆಯಲ್ಲಿ ಎರಡು ಸಲ ಬೇರೆ ಹುಲ್ಲು ಹಾಕಿ ಕೈ ಸುಟ್ಟುಕೊಂಡ ಮೇಲೆ ನಮ್ಮ ಅತ್ತೆಯವರು ಹೊಲದ ಬದುವಿನಿಂದ ಕರಿಕೆ ಕಿತ್ತು ತಂದರು. ಬಳ್ಳಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಒಂದೊಂದು ತುಂಡಿಗೂ ಮೂರು ನಾಲ್ಕು ಗೆಣ್ಣು ಇರುವಂತೆ ನೋಡಿಕೊಂಡು, ಗೇಣಿಗೊಂದರಂತೆ ಸಾಲಿನಲ್ಲಿ ಊರಿದೆವು. ಎರಡು ಗೆಣ್ಣು ಮಣ್ಣೊಳಗೆ, ತುದಿ ಹೊರಗೆ. ಮೃಗಶಿರಾ ಮಳೆಗೆ ಊರಿದ್ದು ಶ್ರಾವಣ ಮುಗಿಯುವಷ್ಟರಲ್ಲಿ ನೆಲ ಕಾಣದಂತೆ ಹಬ್ಬಿತು. ಒಂದು ವರ್ಷ ಮೇ ತಿಂಗಳಲ್ಲಿ ನಾವು ಇಪ್ಪತ್ತು ದಿನ ಊರಲ್ಲಿ ಇರಲಿಲ್ಲ. ಬಂದು ನೋಡಿದರೆ ಪೂರ್ತಿ ಕಂದು ಬಣ್ಣ. ಹೋಯಿತು ಎಂದುಕೊಂಡೆವು. ರೋಹಿಣಿ ಮಳೆ ಒಂದು ಹದ ಬಿದ್ದ ವಾರಕ್ಕೆ ಮತ್ತೆ ಚಿಗುರಿತು, ಏಕೆಂದರೆ ಅದರ ಜೀವ ಮಣ್ಣಿನೊಳಗಿನ ಬಳ್ಳಿಯಲ್ಲಿ ಇರುತ್ತದೆ. ಸವಳು ಮಣ್ಣಿನಲ್ಲೂ ಅದು ತಾಳಿಕೊಳ್ಳುತ್ತದೆ.

ಬೇವಿನ ಕಟ್ಟೆ (ಮಾನ್ವಿ)

ಅಕ್ಕನವರೇ, ಒಂದು ತಿದ್ದುಪಡಿ. ಕರಿಕೆಗೆ ಪೂರ್ತಿ ಬಿಸಿಲು ಬೇಕು. ನಮ್ಮ ಬೇವಿನ ಮರದ ಕೆಳಗೆ ಮೂರು ಸಲ ಊರಿದರೂ ಬಡಕಲಾಗಿ ಹೋಯಿತು. ಅರೆನೆರಳಿನಲ್ಲಿ ಕೊರಿಯನ್ ಹುಲ್ಲು ಅದಕ್ಕಿಂತ ಮೇಲು. ದಟ್ಟ ನೆರಳಾದರೆ ಯಾವ ಹುಲ್ಲೂ ಬೇಡ, ಕಟ್ಟೆ ಕಟ್ಟಿಸಿ ಕೂರಿರಿ.

ಗಂಗಾವತಿಯ ಅಕ್ಕ

ಅದು ನಿಜ. ನಮ್ಮದು ಬಟಾಬಯಲು, ಹಾಗಾಗಿ ನನಗೆ ಹೊಳೆಯಲಿಲ್ಲ.

ಕುಡಗೋಲು (ಲಿಂಗಸುಗೂರು)

ಕತ್ತರಿಸುವುದರ ಬಗ್ಗೆಯೂ ಒಂದು ಮಾತು. ಬೇಸಿಗೆಯಲ್ಲಿ ಚರ್ಮಕ್ಕೆ ಹತ್ತುವಂತೆ ಬೋಳಿಸುವುದು ದೊಡ್ಡ ತಪ್ಪು. ಒಂದು ಸಲಕ್ಕೆ ಎಲೆಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು, ಬಿಸಿಲುಕಾಲದಲ್ಲಿ ಎರಡು ಅಂಗುಲ ಉಳಿಸಬೇಕು. ಎಲೆ ಇದ್ದರೆ ಬುಡಕ್ಕೆ ನೆರಳು, ಬೇರಿಗೂ ಬಲ. ಕತ್ತರಿಸಿದ ಮೇಲೆ ತುದಿಗಳು ಬಿಳಿಚಿಕೊಂಡು ನಾರು ನಾರಾಗಿ ಕಂಡರೆ ಯಂತ್ರದ ಅಲಗು ಮೊಂಡಾಗಿದೆ ಎಂದು ಅರ್ಥ. ಅದು ಕತ್ತರಿಸುತ್ತಿಲ್ಲ, ಹರಿಯುತ್ತಿದೆ. ಸಾಣೆ ಹಿಡಿಸಿ. ತುಂಡು ಹುಲ್ಲು ಸಣ್ಣದಾಗಿದ್ದರೆ ಅಲ್ಲೇ ಬಿಡಿ, ಕೊಳೆತು ಗೊಬ್ಬರವಾಗುತ್ತದೆ.

ಕಸದ ಕಾಟ (ರಾಯಚೂರು)

ವಿಷಯ ಬಂದಿರುವಾಗ ಕೇಳುತ್ತೇನೆ. ನಮ್ಮ ಹುಲ್ಲಿನಲ್ಲಿ ಜೇಕು ತುಂಬಿಕೊಂಡಿದೆ. ಕಿತ್ತಷ್ಟೂ ಹೆಚ್ಚುತ್ತದೆ. ಅಂಗಡಿಯವರು ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆಯಿರಿ ಎಂದರು. ಹೊಡೆಯಲೇ?

ಎರೆಹೊಲದವನು (ಸಿಂಧನೂರು)

ಹೊಡೆಯಬೇಡಿ! ಗ್ಲೈಫೊಸೇಟ್‌ಗೆ ಜೇಕು, ಕರಿಕೆ ಎಂಬ ಭೇದ ಇಲ್ಲ. ಎರಡೂ ಸಾಯುತ್ತವೆ. ಜೇಕಿನ ಗಡ್ಡೆಗಳು ಮಣ್ಣಿನೊಳಗೆ ಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ, ಮೇಲಿನ ಗರಿ ಕಿತ್ತರೆ ಕೆಳಗಿನ ಗಡ್ಡೆ ಎಚ್ಚರಾಗಿ ಚಿಗುರುತ್ತದೆ. ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಎಂಬ ಔಷಧಿ ಜೇಕನ್ನು ಒಣಗಿಸಿ ಕರಿಕೆಯನ್ನು ಉಳಿಸುತ್ತದೆ, ಪೊಟ್ಟಣದ ಮೇಲಿನ ಅಳತೆ ಮೀರಬೇಡಿ. ಸಣ್ಣ ಜಾಗವಾದರೆ ಮಳೆ ಬಿದ್ದು ನೆಲ ಮೆತ್ತಗಾದಾಗ ಖುರ್ಪಿಯಿಂದ ಗಡ್ಡೆ ಸಹಿತ ಎಬ್ಬಿಸಿ, ಎರಡು ಮೂರು ವಾರಕ್ಕೊಮ್ಮೆ ಪಟ್ಟು ಬಿಡದೆ ಮಾಡಿ. ಮತ್ತೊಂದು ಮಾತು, ಹಸಿ ತಿಪ್ಪೆ ಗೊಬ್ಬರ ಹರಡಬೇಡಿ. ಅದರ ಜೊತೆ ಪಾರ್ಥೇನಿಯಂ ಬೀಜ ಉಚಿತವಾಗಿ ಬರುತ್ತದೆ.

ಬೇವಿನ ಕಟ್ಟೆ (ಮಾನ್ವಿ)

ನಮ್ಮಲ್ಲಿ ಹಿಂದೊಮ್ಮೆ ಹುಲ್ಲು ಚಾಪೆ ಸುತ್ತಿದಂತೆ ಕೈಗೆ ಕಿತ್ತು ಬಂತು. ಕೆಳಗೆ ಬಾಗಿದ ಬಿಳಿ ಗೊಣ್ಣೆಹುಳುಗಳು ಬೇರನ್ನೆಲ್ಲ ತಿಂದಿದ್ದವು. ಗೊರವಂಕಗಳು ಬೆಳಗೆಲ್ಲ ಅಲ್ಲೇ ಕುಕ್ಕುತ್ತಿದ್ದುದೇ ಸೂಚನೆಯಾಗಿತ್ತು, ನಾವು ಗಮನಿಸಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಈ ಹುಳುಗಳೇ ಬೆಳೆದು ಆದ ದುಂಬಿಗಳು ಮಣ್ಣಿನಿಂದ ಎದ್ದು ಬೇವಿನ ಎಲೆ ತಿನ್ನಲು ಬರುತ್ತವೆ. ಹೋದ ವರ್ಷ ಕೊಂಬೆ ಅಲುಗಿಸಿ, ಬಿದ್ದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದೆವು. ಹುಳುವಿನ ಕಾಟ ಬಹಳ ಇಳಿಯಿತು.

ಅಂಗಳದ ಹಸಿರು (ಬಳ್ಳಾರಿ)

ವರದಿ ಬಂದಿದೆ, ಗುಂಡಿಯೂ ತೆಗೆದೆ. ಕೊಪ್ಪಳದ ಅಣ್ಣನವರು ಕಣ್ಣಾರೆ ಕಂಡಂತೆ ಹೇಳಿದ್ದಾರೆ. ನಾಲ್ಕು ಗುಂಡಿಗಳಲ್ಲಿ ಮೂರರಲ್ಲಿ ಐದು ಅಂಗುಲಕ್ಕೇ ಹಾರೆ ಠಣ್ ಎಂದಿತು. ಸಿಮೆಂಟಿನ ಹೆಂಟೆಗಳು, ಟೈಲ್ಸ್ ಚೂರು, ಒಂದು ಕಡೆ ಹರಿದ ಸಿಮೆಂಟ್ ಚೀಲವೇ ಸಿಕ್ಕಿತು. ಬೇರುಗಳು ಆ ಪದರದ ಮೇಲೆ ಅಡ್ಡಡ್ಡ ಹರಿದು ನಿಂತಿದ್ದವು. ಬೋರಿನ ನೀರಿನ ಇ.ಸಿ. 2.6 ಇದೆ. ನಲ್ಲಿಯ ನೀರನ್ನೂ ಕೊಟ್ಟಿದ್ದೆ, ಅದು 0.5. ಮಣ್ಣಿನ ಹೆಂಟೆಯನ್ನು ಲೋಟದಲ್ಲಿ ಬಿಟ್ಟಾಗ ನೀರು ತಿಳಿಯಾಗಿಯೇ ಇತ್ತು.

ತೋಟದ ಮೇಷ್ಟ್ರು (ರಾಯಚೂರು)

ಲೋಟದ ಪರೀಕ್ಷೆಯ ಅಂದಾಜಿನಂತೆ ಸದ್ಯಕ್ಕೆ ಜಿಪ್ಸಮ್ ಬೇಡ. ಈಗ ಒಂದು ಲೆಕ್ಕ ನೋಡಿ. 2.6 ಇ.ಸಿ. ಎಂದರೆ ಒಂದು ಲೀಟರಿನಲ್ಲಿ ಹೆಚ್ಚು ಕಡಿಮೆ 1.66 ಗ್ರಾಂ ಲವಣ. ದಿನಕ್ಕೆ 300 ಲೀಟರ್ ಹಾಕಿದ್ದೀರಿ, ಅಂದರೆ ದಿನಕ್ಕೆ ಅರ್ಧ ಕಿಲೋ ಉಪ್ಪು. ಶಿವರಾತ್ರಿಯಿಂದ ಇಲ್ಲಿಯವರೆಗೆ ಅರವತ್ತು ದಿನ ಹಿಡಿದರೆ ಮೂವತ್ತು ಕಿಲೋ ಉಪ್ಪನ್ನು ಆ ಅಂಗಳಕ್ಕೆ ಎರಚಿದಂತಾಯಿತು. ಕೆಳಗಿನ ಸಿಮೆಂಟ್ ಪದರ ಅದನ್ನು ಬಸಿಯಲೂ ಬಿಡಲಿಲ್ಲ. ಅದರ ಮೇಲೆ ಯೂರಿಯಾ ಹಾಕಿದ್ದು ಉಪ್ಪಿನ ಮೇಲೆ ಮತ್ತೊಂದು ಹೊರೆ.

ಈ ಬೇಸಿಗೆಯಲ್ಲಿ ಹುಲ್ಲನ್ನು ಹಸಿರು ಮಾಡುವ ಹಟ ಬಿಡಿ, ಜೀವ ಉಳಿದರೆ ಸಾಕು. ನಲ್ಲಿ ನೀರು ಬಂದ ದಿನ ಅದನ್ನೇ ಹಾಕಿ, ವಾರಕ್ಕೆ ಒಂದು ಅಥವಾ ಎರಡು ಸಲ, ಸೂರ್ಯ ಏರುವ ಮೊದಲು, ಆಳಕ್ಕೆ ಇಳಿಯುವಷ್ಟು. ಎಷ್ಟು ಬಿತ್ತೆಂದು ತಿಳಿಯಲು ನಾಲ್ಕೈದು ಅಗಲ ಬಾಯಿಯ ಡಬ್ಬಿಗಳನ್ನು ಹುಲ್ಲಿನ ಮೇಲೆ ಇಟ್ಟು ಅಳೆಯಿರಿ, ಹದಿನೈದರಿಂದ ಇಪ್ಪತ್ತು ಮಿಲಿಮೀಟರ್ ನಿಲ್ಲಬೇಕು. ಒಂದೇ ಸಲ ಸುರಿದರೆ ಹರಿದು ಹೋಗುತ್ತದೆ. ಅರ್ಧ ಹಾಕಿ, ಒಂದು ಗಂಟೆ ಬಿಟ್ಟು, ಉಳಿದರ್ಧ ಹಾಕಿ. ಸಂಜೆಯ ನೀರು ನಿಲ್ಲಿಸಿ, ರಾತ್ರಿಯೆಲ್ಲ ಎಲೆ ತೇವವಾಗಿದ್ದರೆ ಶಿಲೀಂಧ್ರ ರೋಗಕ್ಕೆ ದಾರಿಯಾಗುತ್ತದೆ.

ಗರಸು ಮಣ್ಣು (ಕೊಪ್ಪಳ)

ಮೇ ಕೊನೆಯಲ್ಲಿ ಆ ಕಸವನ್ನೆಲ್ಲ ಎತ್ತಿಸಿ. ಒಂದು ಅಡಿ ಆಳ ತೆಗೆಸಿ, ತಳವನ್ನು ಹಾರೆಯಿಂದ ಸಡಿಲ ಮಾಡಿ, ಮಸಾರಿ ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಬೆರೆಸಿ ತುಂಬಿಸಿ. ಮನೆಯಿಂದ ರಸ್ತೆಯ ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಖರ್ಚು ಉಳಿಸಬೇಕೆಂದರೆ 'ಕೋಟೆಯ ನೆರಳು' ಅವರು ಹೇಳಿದಂತೆ ಜಾಗವನ್ನೇ ಚಿಕ್ಕದು ಮಾಡಿ.

ಕೋಟೆಯ ನೆರಳು (ಬಳ್ಳಾರಿ)

ಮಾಳಿಗೆಯ ನೀರನ್ನೂ ಅತ್ತ ತಿರುಗಿಸಿ. ಸಾವಿರ ಚದರ ಅಡಿ ಮಾಳಿಗೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ 930 ಲೀಟರ್. ಉಪ್ಪು ತೊಳೆಯಲು ಮಳೆನೀರಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ಅಂಗಳದ ಹಸಿರು (ಬಳ್ಳಾರಿ)

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ಮೇ ಕೊನೆಯ ವಾರದಲ್ಲಿ ಎರಡು ಟ್ರ್ಯಾಕ್ಟರ್ ಕಸ ಹೊರಗೆ ಹೋಯಿತು. ಹುಲ್ಲಿನ ಜಾಗವನ್ನು 220 ಚದರ ಅಡಿಗೆ ಇಳಿಸಿ, ಗಂಗಾವತಿಯ ಅಕ್ಕ ಹೇಳಿದಂತೆ ಹಳ್ಳಿಯಿಂದ ಒಂದು ಚೀಲ ಕರಿಕೆ ತರಿಸಿ ಊರಿದೆವು. ಬದುಕಿದ್ದ ಕೊರಿಯನ್ ಹುಲ್ಲನ್ನು ಎಸೆಯಲು ಮನಸ್ಸಾಗದೆ ಅರೆನೆರಳಿನ ಪೂರ್ವದ ಗೋಡೆಯ ಪಕ್ಕಕ್ಕೆ ಸರಿಸಿದೆವು. ಮಾಳಿಗೆಯ ಪೈಪು ಈಗ ಅಂಗಳಕ್ಕೇ ಬರುತ್ತದೆ. ಬಿಳಿ ಪುಡಿ ಎಲ್ಲಿಯೂ ಇಲ್ಲ. ತಾಯಿ ನಿನ್ನೆಯಿಂದ ಮತ್ತೆ ನಡೆಯಲು ಶುರು ಮಾಡಿದ್ದಾರೆ.

ಒಂದೇ ಪ್ರಶ್ನೆ ಉಳಿದಿದೆ. ಕೊರಿಯನ್ ಹುಲ್ಲಿನ ಹೊಸ ಎಲೆಗಳು ಹಳದಿ, ಆದರೆ ನರಗಳು ಹಸಿರಾಗಿಯೇ ಇವೆ. ಇದೂ ಉಪ್ಪೇ?

ತೋಟದ ಮೇಷ್ಟ್ರು (ರಾಯಚೂರು)

ಅಲ್ಲ, ಅದು ಕಬ್ಬಿಣದ ಕೊರತೆ. ಗೋಡೆಯ ಬುಡದಲ್ಲಿ ಸುಣ್ಣ, ಸಿಮೆಂಟಿನ ಅಂಶ ಉಳಿದಿರುತ್ತದೆ, ಅಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದು. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಕೂಡಲೇ ಎಲೆಯ ಮೇಲೆ ಸಂಜೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಗೋಡೆಗೆ, ಟೈಲ್ಸ್‌ಗೆ ಹಾರದಂತೆ ಗೋಣಿಚೀಲ ಅಡ್ಡ ಹಿಡಿಯಿರಿ. ತುಕ್ಕಿನ ಕಲೆ ಬಿದ್ದರೆ ಸುಲಭಕ್ಕೆ ಹೋಗುವುದಿಲ್ಲ.

ಗಂಗಾವತಿಯ ಅಕ್ಕ

ಬಹಳ ಸಂತೋಷವಾಯಿತು ತಮ್ಮಾ. ಗಣೇಶನ ಹಬ್ಬಕ್ಕೆ ಅಂಗಡಿಯಿಂದ ಕರಿಕೆ ತರಬೇಡಿ, ಕಬ್ಬಿಣದ ನೀರು ಸಿಂಪಡಿಸಿದ ಕಡೆ ಬಿಟ್ಟು ನಿಮ್ಮ ಅಂಗಳದ್ದನ್ನೇ ಇಪ್ಪತ್ತೊಂದು ಕುಡಿ ಕೊಯ್ದು ಏರಿಸಿ.

ಅಂಗಳದ ಹಸಿರು (ಬಳ್ಳಾರಿ)

ಖಂಡಿತ ಅಕ್ಕಾ. ತಾಯಿಯವರು ಈಗಾಗಲೇ ಪಡಸಾಲೆಯ ಕಡೆಯ ಒಂದು ಮೂಲೆಯನ್ನು ಅದಕ್ಕೆಂದೇ ಕತ್ತರಿಸದೆ ಬಿಡಿಸಿದ್ದಾರೆ.